ಬಲಗಡೆಯ ಪಟ್ಟೆ

ಕಪ್ಪೆಂದರೆ ಕಪ್ಪು, ಅದರಲ್ಲಿ ಕೇಳುವುದೇನಿದೆ ಎಂದುಕೊಂಡು ಬಂದಿದ್ದ ರೇಣುಕಪ್ರಸಾದನ ಮುಂದೆ ಅಂಗಡಿಯ ಹುಡುಗಿ ಒಂಬತ್ತು ಥರದ ಕಪ್ಪುಗಳನ್ನು ಹರಡಿಟ್ಟಳು. ಹೊಳೆಯುವ ಕಪ್ಪು, ಹೊಳೆಯದ ಕಪ್ಪು, ಎರಡರ ನಡುವೆ ರೇಷ್ಮೆಯ ಹಾಗೆ ಮಂಕಾಗಿ ಮಿನುಗುವ ಸ್ಯಾಟಿನ್ ಕಪ್ಪು, ಬೆರಳಾಡಿಸಿದರೆ ನೇಯ್ಗೆ ತಗಲುವ ಕಾರ್ಬನ್ ಕಪ್ಪು, ಬಿಸಿಲಿಗೆ ಹಿಡಿದರೆ ನೇರಳೆಗೆ ತಿರುಗುವ ಕಪ್ಪು. ಉಳಿದವು ಒಂದಕ್ಕಿಂತ ಒಂದು ಹೇಗೆ ಬೇರೆಯೆಂದು ಅವನಿಗೆ ತಿಳಿಯಲೇ ಇಲ್ಲ. "ಯಾವುದೋ ಒಂದು ಹಾಕಮ್ಮ" ಎಂದ. "ಯಾವುದೋ ಒಂದು ಅಂದ್ರೆ ಆಗಲ್ಲ ಸಾರ್. ಹಾಕಿದ ಮೇಲೆ ಇದಲ್ಲ ಅಂತೀರಿ, ಆಮೇಲೆ ಕೀಳೋ ಕಷ್ಟ ನನ್ನದು" ಎಂದಳು ಅವಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಅದೇ ಅವನಿಗೆ ಇನ್ನಷ್ಟು ಬೇಸರ ತಂದಿತು. ಚಿಕ್ಕಮಗಳೂರಿನ ಬೈಪಾಸಿನ ಬದಿಯಲ್ಲಿದ್ದ ಈ ಸ್ಟಿಕರ್ ಅಂಗಡಿಯ ಮಾಲೀಕ ಕಲ್ಲೇಶ ಯಾರದೋ ನಿಶ್ಚಿತಾರ್ಥಕ್ಕೆಂದು ಕಡೂರಿಗೆ ಹೋಗಿದ್ದ. ಫೋನಿನಲ್ಲಿ, ನಮ್ಮ ಹುಡುಗಿ ಇದಾಳೆ ಸಾರ್, ಕೆಲಸದಲ್ಲಿ ನನಗಿಂತ ಒಂದು ಕೈ ಮೇಲೆ, ಎಂದಿದ್ದ. ಹನ್ನೊಂದಕ್ಕೆ ಬಂದು ಕೂತವನು ಈಗ ಒಂದೂವರೆಯಾದರೂ ಪ್ಲಾಸ್ಟಿಕ್ ಕುರ್ಚಿಯಲ್ಲೇ ಇದ್ದ. ಎದುರಿಗೆ ರಸ್ತೆಯ ಅಂಚಿನಲ್ಲಿ, ಸಾಸಿವೆ ಹೂವಿನ ಹಳದಿಯ ಅವನ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ಬಲ ಮಗ್ಗುಲನ್ನು ಗೋಡೆಯ ಕಡೆಗೆ ಮಾಡಿಕೊಂಡು ನಿಂತಿತ್ತು. ಹಾಗೆ ನಿಲ್ಲಿಸುವುದು ಏಳು ವಾರದಿಂದ ಅವನಿಗೆ ರೂಢಿಯಾಗಿಹೋಗಿತ್ತು.

ಮಗಳು ಕೃತಿಕಾ ಮಂಗಳೂರಿನ ಕಾಲೇಜಿನಿಂದ ಬೆಳಿಗ್ಗೆಯಿಂದ ಫೋನಿಗೆ ಚಿತ್ರಗಳನ್ನು ಕಳಿಸುತ್ತಲೇ ಇದ್ದಳು. ಅಪ್ಪ ಪ್ಲೀಸ್, ಹಳದಿ ಮೇಲೆ ಕಪ್ಪು ಹಾಕಿಸಬೇಡಿ, ಟ್ಯಾಕ್ಸಿ ಥರ ಕಾಣುತ್ತೆ. ಅದನ್ನು ಓದುವ ತನಕ ಅವನಿಗೆ ಹೊಳೆದಿರಲಿಲ್ಲ. ಓದಿದ ಮೇಲೆ ಒಂಬತ್ತು ಕಪ್ಪುಗಳಲ್ಲೂ ಟ್ಯಾಕ್ಸಿಯೇ ಕಂಡಿತು. ಬಿಳಿ ಹಾಕಿಸಿದರೆ ಶಾಲೆಯ ಬಸ್ಸು. ಕೆಂಪು ಹಾಕಿಸಿದರೆ ಕನ್ನಡ ಬಾವುಟ. ರಾಜ್ಯೋತ್ಸವ ಮುಗಿದು ತಿಂಗಳಾಗಿದೆ, ಚಂದಾ ಕೇಳಲು ಯಾವುದೋ ಸಂಘದ ಅಧ್ಯಕ್ಷರು ಬಂದರೆಂದು ಜನ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಬೂದು ಬಣ್ಣದ ತುಂಡನ್ನು ಹುಡುಗಿ ಕಾರಿನ ಮೇಲಿಟ್ಟು ತೋರಿಸಿದಾಗ ಅದು ಗಾಯದ ಮೇಲೆ ಅಂಟಿಸಿದ ಪಟ್ಟಿಯಂತೆ ಕಂಡು, ಬೇಡ ಬೇಡ ಎಂದು ಎದ್ದೇ ನಿಂತಿದ್ದ. ಹೆಂಡತಿ ಸರ್ವಮಂಗಳಾ ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು ಕೇಳಲು ಫೋನ್ ಮಾಡಿದವಳು, "ಇನ್ನೂ ಬಣ್ಣ ಆರಿಸ್ತಾ ಕೂತಿದೀರಾ? ನಮ್ಮ ಮದುವೆಗೆ ಸೀರೆ ತೆಗೆಯೋವಾಗ ಹತ್ತು ನಿಮಿಷಕ್ಕೆ ತಲೆನೋವು ಅಂತ ಎದ್ದು ಹೋಗಿದ್ರಿ" ಎಂದು ಇಟ್ಟುಬಿಟ್ಟಳು. ಅವಳು ಹೇಳುವುದರಲ್ಲಿ ತಪ್ಪೇನಿತ್ತು? ನಲವತ್ತೊಂಬತ್ತು ವರ್ಷದ ಗಂಡಸು, ಮಲ್ಲಂದೂರಿನಲ್ಲಿ ಅರವತ್ತು ಎಕರೆ ತೋಟವಿರುವವನು, ಕಾಫಿ ಹಣ್ಣು ಕೀಳುವ ಈ ದಿನಗಳಲ್ಲಿ ಕಣದಲ್ಲಿರಬೇಕಾದವನು, ಅಂಗಡಿಯೊಂದರಲ್ಲಿ ಕೂತು ಸ್ಟಿಕರ್ ತುಂಡುಗಳನ್ನು ಬೆರಳಲ್ಲಿ ಉಜ್ಜುತ್ತಿದ್ದಾನೆ. ಈ ಕಾರನ್ನು ಬೆಂಗಳೂರಿನ ಡಾಕ್ಟರೊಬ್ಬರಿಂದ ಕೊಂಡು ತಂದ ದಿನವೇ ಅವಳು ಸುತ್ತ ಒಂದು ಸಲ ನಡೆದು, ಇದರಲ್ಲಿ ಗೊಬ್ಬರದ ಚೀಲ ಎಲ್ಲಿಡ್ತೀರಿ ಎಂದು ಕೇಳಿದ್ದಳು. ಅವಮಾನಿಸಲೆಂದು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದು. ಅಂದಿನಿಂದ ಈ ಕಾರು ಅವನಿಗೆ ಕೊಟ್ಟದ್ದೆಲ್ಲ ಇಂಥವೇ. ರಸ್ತೆಯ ಪ್ರತಿ ಹಂಪಿನ ಮುಂದೆಯೂ ನಿಂತು, ಕಾರಿನ ತಳ ತಾಗದಂತೆ ಏಡಿಯ ಹಾಗೆ ಓರೆಯಾಗಿ ಹತ್ತಿಸಬೇಕು. ಹಿಂದೆ ಬಂದ ಆಟೋದವರು ಹಾರನ್ ಹೊಡೆದು ನಗುತ್ತಾರೆ. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದರೆ ನಾಲ್ಕು ಜನ ಅದಕ್ಕೊರಗಿ ಫೋಟೋ ತೆಗೆಸಿಕೊಳ್ಳುತ್ತಾರೆ, ಇವನು ನೀರುದೋಸೆ ತಿಂದು ಬಂದು ತನ್ನದೇ ಕಾರಿನ ಬಾಗಿಲ ಹತ್ತಿರ ದಾರಿಗಾಗಿ ಕಾಯಬೇಕು. ಇಳಿಯುವಾಗ ಮಂಡಿ ಹಿಡಿದುಕೊಂಡು ಒಂದು ಕೈ ನೆಲಕ್ಕೆ ಊರದಿದ್ದರೆ ಮೈ ಮೇಲೇಳುವುದಿಲ್ಲ.

"ಬಾನೆಟ್ ಮೇಲೆ ಎರಡು ಉದ್ದ ಪಟ್ಟೆ ಎಳೆದ್ರೆ ಚೆನ್ನಾಗಿರುತ್ತೆ ಸಾರ್. ಎಲ್ರೂ ಹಾಗೇ ಹಾಕಿಸೋದು."

"ಬೇಡ. ಪಕ್ಕಕ್ಕೆ. ಮುಂದಿನ ಚಕ್ರದಿಂದ ಹಿಂದಿನ ತನಕ."

"ಎಷ್ಟು ಅಗಲ?"

"ಆರು ಇಂಚು ಇರ್ಲಿ."

"ಆರು ಇಂಚು ದಪ್ಪ ಆಯ್ತು ಸಾರ್ ಈ ಗಾಡಿಗೆ. ಮೂರು ಸಾಕು."

"ಆರು ಅಂದ್ನಲ್ಲ."

ಮೂರು ಇಂಚು ಸಾಲದು ಎಂದು ಅವನು ಅಳೆದು ನೋಡಿಕೊಂಡಿದ್ದ, ಸರ್ವಮಂಗಳಾಳ ಹೊಲಿಗೆ ಪೆಟ್ಟಿಗೆಯಿಂದ ಟೇಪನ್ನು ಕದ್ದು. ಕಾರಿನ ಬಲಗಡೆ ತರಚಿದ ಗೆರೆ ಮುಂದಿನ ಚಕ್ರದ ಹಿಂದೆ ಶುರುವಾಗಿ, ಬಾಗಿಲಿಗೆ ಅಡ್ಡಲಾಗಿ, ಹಿಡಿಯಿಂದ ಒಂದು ಗೇಣು ಕೆಳಗೆ ಹಾದು, ಹಿಂದಿನ ಚಕ್ರದ ಮೇಲೆ ಹತ್ತಿ ಅಲ್ಲಿ ಒಂದು ತಗ್ಗು ಮಾಡಿ ಮುಗಿಯುತ್ತಿತ್ತು. ನಡುನಡುವೆ ಬಣ್ಣ ಪೂರ್ತಿ ಹೋಗಿ ತಗಡು ಕಾಣುತ್ತಿತ್ತು. ಬಣ್ಣ ಹೊಡೆಸಲು ಗ್ಯಾರೇಜಿಗೆ ಕೊಡಬಹುದಿತ್ತು. ಆದರೆ ಗ್ಯಾರೇಜಿನವನು ಇನ್ಶೂರೆನ್ಸ್ ಎನ್ನುತ್ತಾನೆ, ಹೇಗಾಯಿತು, ಎಲ್ಲಾಯಿತು ಎಂದು ಕಾಗದದಲ್ಲಿ ಬರೆಸುತ್ತಾನೆ, ಹತ್ತು ದಿನ ಕಾರನ್ನು ರಸ್ತೆಗೆ ಕಾಣುವಂತೆ ನಿಲ್ಲಿಸಿಕೊಳ್ಳುತ್ತಾನೆ. ಈ ಅಂಗಡಿಯಲ್ಲೂ, ಅದಕ್ಕೆ ಮೊದಲು ಮನೆಯಲ್ಲೂ, ಅವನು ಗೇಟಿನ ಕಂಬ ತಾಗಿತು ಎಂದಿದ್ದ. ಸರ್ವಮಂಗಳಾ ಗೇಟಿನ ತನಕ ಹೋಗಿ ಕಂಬ ನೋಡಿಕೊಂಡು ಬಂದು ಏನೂ ಅನ್ನಲಿಲ್ಲ. ಅವಳು ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಅಕ್ಟೋಬರಿನ ಆ ಮಧ್ಯಾಹ್ನ ಬೆಳೆಗಾರರ ಸಭೆಯಲ್ಲಿ ಕಾಡುಕೋಣಗಳ ಕಾಟದ ಬಗ್ಗೆ ಮಾತಾಡಲು ಎದ್ದಿದ್ದ. ಮೈಕ್ ಹಿಡಿದಿದ್ದ ಜಯಪ್ರಕಾಶ, ಈಗ ನಮ್ಮ ಸ್ಪೋರ್ಟ್ಸ್ ಕಾರಿನವರು ಮಾತಾಡ್ತಾರೆ ಎಂದಿದ್ದ. ಹಿಂದಿನ ಸಾಲಿನವರು ನಕ್ಕಿದ್ದರು. ನಕ್ಕಿದ್ದು ಕೆಟ್ಟ ನಗುವೂ ಅಲ್ಲ. ಆದರೆ ಆಡಬೇಕಿದ್ದ ನಾಲ್ಕು ಮಾತಿನಲ್ಲಿ ಎರಡು ಮರೆತುಹೋಗಿ ಕೂತುಬಿಟ್ಟಿದ್ದ. ವಾಪಸು ಬರುವಾಗ ಮಲ್ಲಂದೂರಿನ ರಸ್ತೆಯಲ್ಲಿ, ಮಳೆ ನಿಂತು ಮಂಜು ಇಳಿಯುತ್ತಿದ್ದ ಸಂಜೆಯಲ್ಲಿ, ಅವನ ಕಾಲು ಒತ್ತುತ್ತಲೇ ಹೋಯಿತು. ಎಲ್ಲಿಗೂ ಬೇಗ ಹೋಗಬೇಕಾಗಿರಲಿಲ್ಲ. ನಗುವುದಿದ್ದರೆ ಇದಕ್ಕೆ ನಗಿ ಎಂಬಂತೆ, ನೋಡುವವರು ಯಾರೂ ಇಲ್ಲದ ರಸ್ತೆಯಲ್ಲಿ. ಮೋರಿಯ ಹತ್ತಿರದ ತಿರುವಿನಲ್ಲಿ ತನ್ನ ಪಾಲಿನ ರಸ್ತೆ ಬಿಟ್ಟು ಬಲಕ್ಕೆ ಒಳಗಿನಿಂದ ಕತ್ತರಿಸಿದ. ಮಂಜಿನೊಳಗಿಂದ ಹಸಿರಾದದ್ದೇನೋ ಒಂದು ಕ್ಷಣ ಕಂಡಿತು, ಆಮೇಲೆ ಬಲಗಡೆ ಉದ್ದಕ್ಕೂ ತಗಡು ಹರಿದ ಸದ್ದು. ನಿಲ್ಲಿಸಿದ. ನಿಲ್ಲಿಸಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತು ಮಾರು ಮುಂದೆ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದ. ಚರಂಡಿಗೆ ಅಡ್ಡಬಿದ್ದ ಮೊಪೆಡ್ಡಿನ ಹಿಂದಿನ ಚಕ್ರ ತಿರುಗುತ್ತಿತ್ತು. ಅದರ ಪಕ್ಕದಲ್ಲಿ ಒಬ್ಬ ಮನುಷ್ಯ ಎದ್ದು ಕೂತು ಕೈ ಎತ್ತಿದ. ಟೋಪಿಯಿಂದ, ಭುಜದಿಂದ, ಅದು ತನ್ನ ತೋಟದ ಚಿಕ್ಕಯ್ಯನೆಂದು ಗೊತ್ತಾಯಿತು. ನೆರಳಿನ ಮರಗಳ ತುದಿಗೆ ಹತ್ತಿ ಕೊಂಬೆ ಸವರುವ ಮರಗಸಿ ಕೆಲಸದಲ್ಲಿ ಮೂವತ್ತು ವರ್ಷ ಒಂದು ಸಲವೂ ಬೀಳದ ಚಿಕ್ಕಯ್ಯ. ಕೈ ಎತ್ತಿದ್ದಾನೆಂದರೆ ಏನೂ ಆಗಿಲ್ಲ, ಹೋಗಿ ಎನ್ನುತ್ತಿದ್ದಾನೆ, ಎಂದುಕೊಂಡ. ಅಷ್ಟರಲ್ಲಿ ಕಾಲು ಬ್ರೇಕಿನಿಂದ ತಾನಾಗಿ ಎದ್ದಿತ್ತು.

"ತೋಟ ಮಲ್ಲಂದೂರು ಕಡೆ ಅಲ್ವಾ ಸಾರ್ ನಿಮ್ಮದು?" ಹುಡುಗಿ ಸ್ಟಿಕರ್ ಮಾದರಿಗಳ ಬಣ್ಣದ ಪುಸ್ತಕವನ್ನು ಮತ್ತೆ ಮೊದಲಿನಿಂದ ತೆರೆಯುತ್ತ ಕೇಳಿದಳು.

"ನಿನಗೆ ಹೇಗೆ ಗೊತ್ತು?"

"ನಾನು ಚಿಕ್ಕಯ್ಯನ ಮಗಳು ಸಾರ್. ರೇವತಿ. ಸಣ್ಣವಳಿದ್ದಾಗ ಕಣದ ಹತ್ರ ನೋಡಿರ್ತೀರಿ."

ಚಿಕ್ಕಯ್ಯನ ಮಗಳು ಪೇಟೆಯಲ್ಲಿ ಯಾವುದೋ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾಳೆಂದು ಕೇಳಿದ್ದ. ಎಲ್ಲಿ, ಏನು ಎಂದು ಎಂದೂ ವಿಚಾರಿಸಿರಲಿಲ್ಲ. ಅವಳಪ್ಪ ಅವನನ್ನು ಅಯ್ಯ ಎನ್ನುತ್ತಾನೆ, ಅವಳು ಬಂದವರಿಗೆಲ್ಲ ಅನ್ನುವ ಹಾಗೆ ಸಾರ್ ಎನ್ನುತ್ತಿದ್ದಾಳೆ. ಎರಡೂವರೆ ಗಂಟೆಯಿಂದ ತಾನು ಯಾರೆಂದು ಗೊತ್ತಿದ್ದೂ ಮಿಕ್ಕ ಗಿರಾಕಿಯಂತೆಯೇ ಕೂರಿಸಿದ್ದಾಳೆ. ಇಂಥ ಹೊತ್ತಿನಲ್ಲೂ ಅದು ತನ್ನನ್ನು ಚುಚ್ಚಿತಲ್ಲ ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. "ಹೇಗಿದಾನೆ ಅಪ್ಪ?" ಎಂದು ಕೇಳಿದ. ದನಿ ಸರಿಯಾಗಿಯೇ ಬಂತು. "ಪರವಾಗಿಲ್ಲ ಸಾರ್. ಕಾಲಿಗೆ ಇನ್ನೂ ಒಂದು ತಿಂಗಳು ಪ್ಲಾಸ್ಟರ್ ಇರಬೇಕಂತೆ. ಪ್ಲಾಸ್ಟರ್ ಹಾಕಿಸೋಕೆ ನೀವು ಜೀಪು ಕೊಟ್ಟು ಕಳಿಸಿದ್ರಿ ಅಂತ ಅಮ್ಮ ಹೇಳ್ತಿದ್ರು." ಹೌದು, ಜೀಪು ಕೊಟ್ಟಿದ್ದ. ಕೂತ ದಿನಗಳಿಗೂ ಸಂಬಳ ಹಾಕಲು ಹೇಳಿದ್ದ. ಬೇರೆ ತೋಟದಲ್ಲಾಗಿದ್ದರೆ ಯಾರು ಕೇಳುತ್ತಿದ್ದರು ಎಂದು ಕೂಲಿಯವರ ಲೈನು ಮನೆಗಳಲ್ಲಿ ಮಾತಾಡಿಕೊಂಡರಂತೆ. ತೋಟದ ಲೆಕ್ಕ ಬರೆಯುವ ರೈಟರ್ ಚನ್ನಬಸವ ಅದನ್ನು ಬಂದು ಹೇಳಿದಾಗ ಇವನು ಅನ್ನ ಕಲಸುತ್ತಿದ್ದವನು ಹಾಗೇ ಕೈ ತೊಳೆದು ಎದ್ದಿದ್ದ.

ಈಗ ಎದ್ದು ಹೋಗಿಬಿಡಬಹುದು. ಆದರೆ ಎದ್ದು ಹೋದರೆ ಯಾಕೆ ಹೋದರೆಂದು ಅವಳು ಯೋಚಿಸುತ್ತಾಳೆ. ಬೇಗ ಮುಗಿಸಿಬಿಡಬೇಕು. "ಹೊಳೆಯದ ಕಪ್ಪು ಹಾಕು" ಎಂದ. "ಟ್ಯಾಕ್ಸಿ ಅಂತ ಮಗಳು ಅಂದ್ರು ಅಂದ್ರಿ?" "ಟ್ಯಾಕ್ಸಿ ಆದ್ರೆ ಆಗ್ಲಿ." ಅವಳು ಕಾರನ್ನು ತಾನೇ ಹಿಂದೆ ತೆಗೆದು, ಶೆಡ್ಡಿನ ಒಳಗೆ ಟ್ಯೂಬ್‌ಲೈಟಿನ ಕೆಳಗೆ ಬಲಮಗ್ಗುಲು ತನ್ನ ಕಡೆಗೆ ಬರುವಂತೆ ನಿಲ್ಲಿಸಿದಳು. ಏಳು ವಾರದಲ್ಲಿ ಅಷ್ಟು ಬೆಳಕಿನಲ್ಲಿ ಆ ಗೆರೆಯನ್ನು ಅವನೂ ನೋಡಿರಲಿಲ್ಲ. ಅವಳು ಮೊಣಕಾಲೂರಿ ಕೂತು ತುದಿಯಿಂದ ತುದಿಗೆ ಬೆರಳು ಎಳೆದಳು. "ಇದರ ಮೇಲೆ ಹಾಗೇ ಅಂಟಿಸಿದ್ರೆ ನಿಲ್ಲಲ್ಲ ಸಾರ್. ಅಡಿಯಲ್ಲಿ ಏನಿದೆಯೋ ಅದೇ ಮೇಲೆ ಎದ್ದು ಕಾಣುತ್ತೆ. ಹೊಳೆಯದ್ದಾದ್ರೂ ಅಷ್ಟೆ. ಮೊದಲು ಒರೆಸಿ, ತುಂಬಿಸಿ, ಉಜ್ಜಬೇಕು." ಮಾಡು, ಎಷ್ಟು ಹೊತ್ತಾಗುತ್ತೆ, ಎಂದ. ಸಂಜೆಯಾಗುತ್ತೆ ಎಂದಳು. ಸಂಜೆಯ ತನಕ ಇಲ್ಲಿ ಇವಳ ಎದುರು ಕೂರಬೇಕೆಂದು ತಿಳಿದು ಅವನಿಗೆ ಹಲ್ಲು ಕಚ್ಚುವಷ್ಟು ರೇಗಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

"ಗೇಟಿನ ಕಂಬ ಅಂದ್ರಲ್ಲ ಸಾರ್, ಸಿಮೆಂಟಿಂದಾ?"

"ಹೂಂ."

"ಸಿಮೆಂಟ್ ತಾಗಿದ್ರೆ ಅಗಲಕ್ಕೆ ತರಚುತ್ತೆ. ಇದು ಒಂದೇ ಗೆರೆ. ಕಬ್ಬಿಣ ಎಳೆದ ಹಾಗಿದೆ."

"ಗೇಟಿನ ಕೊಂಡಿ ಇರ್ಬೇಕು. ನಿನಗ್ಯಾಕಮ್ಮ ಅದು? ಹಾಕು ಅಂದಿದ್ದನ್ನ ಹಾಕು."

ಅವಳು ಒಂದು ಗಳಿಗೆ ಅವನ ಮುಖ ನೋಡಿ ಬಟ್ಟೆ ಒದ್ದೆ ಮಾಡಿಕೊಂಡು ಒರೆಸತೊಡಗಿದಳು. ಗದರಿದ್ದು ಹೆಚ್ಚಾಯಿತು ಎನಿಸಿ, ಏನಾದರೂ ಒಳ್ಳೆಯ ಮಾತಾಡಬೇಕೆಂದು ಅವನು ಹುಡುಕುತ್ತಿದ್ದ. ಈ ಕೆಲಸ ಎಲ್ಲಿ ಕಲಿತೆ ಎಂದೋ, ಊಟ ಆಯ್ತಾ ಎಂದೋ. ಅವಳು ಹಿಂದಿನ ಚಕ್ರದ ಮೇಲಿನ ತಗ್ಗಿನ ಹತ್ತಿರ ಬಂದಾಗ ಕೈ ನಿಂತಿತು. ಚಕ್ರದ ಕಮಾನಿನ ಒಳಮಡಿಕೆಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಚಿಮಟ ತಂದು ಮೆಲ್ಲಗೆ ಎಳೆದಳು. ಉಗುರಿನಷ್ಟು ಅಗಲದ, ಕೆಸರು ಮೆತ್ತಿದ ಒಂದು ಚೂರು. ಬಟ್ಟೆಯಲ್ಲಿ ಒರೆಸಿದಾಗ ಗಿಳಿಹಸಿರು ಬಣ್ಣ ಬಂತು. ಅವಳು ಎದ್ದು ಮೇಜಿನ ಹತ್ತಿರ ಹೋಗಿ, ಬಣ್ಣದ ಪುಸ್ತಕದ ಕೊನೆಯ ಹಾಳೆಗಳನ್ನು ಮಗುಚಿ, ಅವನಿಗೆ ಬೆಳಿಗ್ಗೆಯಿಂದ ತೋರಿಸದೇ ಇದ್ದ ಒಂದು ಹಾಳೆಯ ಮೇಲೆ ಆ ಚೂರನ್ನು ಇಟ್ಟಳು. ಇಟ್ಟಲ್ಲೇ ಅದು ಕಾಣದಾಯಿತು. ಬಣ್ಣ ಅದೇ, ಹೊಳಪೂ ಅದೇ.

"ಈ ರೋಲು ಒಂದೇ ಸಲ ತರಿಸಿದ್ವಿ ಸಾರ್" ಎಂದಳು, ಪುಸ್ತಕದಿಂದ ಕಣ್ಣು ತೆಗೆಯದೆ. "ಯಾರೂ ತಗೊಳ್ಳಲಿಲ್ಲ. ಮಿಕ್ಕಿದ್ದನ್ನ ಕಲ್ಲೇಶಣ್ಣ ನನಗೆ ಕೊಟ್ರು. ಅಪ್ಪನ ಮೊಪೆಡ್ಡಿನ ಮುಂದಿನ ಕಬ್ಬಿಣದ ಗಾರ್ಡಿಗೆ ಸುತ್ತಿದ್ದೆ. ಮಂಜಲ್ಲಿ ಎದುರಿಗೆ ಬರೋರಿಗೆ ಕಾಣ್ಲಿ ಅಂತ."

ಕಂಡಿತ್ತು. ಅದನ್ನೇ ಹೇಳಬೇಕೆನಿಸಿತು ಅವನಿಗೆ, ಕಂಡಿತ್ತಮ್ಮ, ನೀನು ಸುತ್ತಿದ್ದು ವ್ಯರ್ಥವಾಗಲಿಲ್ಲ ಎಂದು. ಬಾಯಿಗೆ ಬಂದದ್ದು ಬೇರೆ. "ಅವನು ಕೈ ಎತ್ತಿದ. ಏನೂ ಆಗಿಲ್ಲ, ಹೋಗಿ ಅಂದ ಅಂದ್ಕೊಂಡೆ."

"ಅಪ್ಪನಿಗೆ ಏಳೋಕೆ ಆಗ್ತಿರಲಿಲ್ಲ ಸಾರ್. ಮುಕ್ಕಾಲು ಗಂಟೆ ಆ ಚರಂಡಿ ಪಕ್ಕ ಕೂತಿದ್ರು. ಹಾಲಿನ ವ್ಯಾನಿನವರು ಎತ್ತಿ ಕರ್ಕೊಂಡು ಬಂದ್ರು."

ಹೊರಗೆ ಬೈಪಾಸಿನಲ್ಲಿ ಲಾರಿಗಳು ಹೋಗುತ್ತಿದ್ದವು. ಅವಳು ಕೂಗಾಡುತ್ತಾಳೆಂದು ಕಾದ. ಅವಳು ಚೂರನ್ನು ಹಾಳೆಯ ಮೇಲೆ ಹಾಗೇ ಬಿಟ್ಟು, ಕೈ ಒರೆಸಿಕೊಂಡು, ಅವನೆದುರಿನ ಸ್ಟೂಲಿನ ಮೇಲೆ ಕೂತಳು. "ಕಾರು ತಾಗಿತು ಅಂತ ಅಪ್ಪ ಅವತ್ತೇ ಹೇಳಿದ್ರು. ಯಾವ ಕಾರು ಅಂತ ನಾನು ಎಷ್ಟು ಕೇಳಿದ್ರೂ ಬಾಯಿ ಬಿಡಲಿಲ್ಲ. ಮಂಜಿತ್ತು, ಕಾಣ್ಲಿಲ್ಲ ಅಂತಾನೇ ಇದ್ರು. ಅಮ್ಮ ಏನು ಅಂದ್ಕೊಂಡ್ರು ಅಂದ್ರೆ, ಕಾರೇ ಇರಲಿಲ್ಲ, ಅದಕ್ಕೇ ಹೇಳ್ತಿಲ್ಲ ಅಂತ. ಅಷ್ಟೊತ್ತಿಗೆ ತೋಟದಲ್ಲೆಲ್ಲ ಮಾತಾಗಿತ್ತಲ್ಲ ಸಾರ್, ಕುಡಿದು ಬಿದ್ದ ಅಂತ. ಅಪ್ಪ ಕುಡಿಯೋದು ಬಿಟ್ಟು ಹನ್ನೊಂದು ವರ್ಷ ಆಯ್ತು. ನಾನು ಆರನೇ ಕ್ಲಾಸಲ್ಲಿದ್ದಾಗ, ಇನ್ನು ಮುಟ್ಟಲ್ಲ ಅಂದವರು ಮುಟ್ಟಿಲ್ಲ. ಕಾಲು ಬಿಡಿ ಸಾರ್, ಸರಿಹೋಗುತ್ತೆ. ಅಮ್ಮ ಏಳು ವಾರದಿಂದ ಅವರ ಹತ್ರ ಮಾತಾಡಿಲ್ಲ. ತಟ್ಟೆ ಮುಂದಿಟ್ಟು ಎದ್ದು ಹೋಗ್ತಾರೆ. ಅಪ್ಪ ದಿನಾ ಗೋಡೆ ನೋಡ್ಕೊಂಡು ಉಣ್ತಾರೆ."

ಗುದ್ದಿದ ಮರುದಿನ ಬೆಳಿಗ್ಗೆ ಚನ್ನಬಸವ ಅಂಗಳಕ್ಕೆ ಬಂದು ನಿಂತಿದ್ದ. ಚಿಕ್ಕಯ್ಯ ಬರಲ್ಲ ಸಾರ್, ಮೊಪೆಡ್ಡಿನಿಂದ ಬಿದ್ದು ಕಾಲು ಮುರಿದಿದೆ, ಯಾವುದೋ ಕಾರು ಗುದ್ದಿತು ಅಂತಾನೆ. ಕಾಫಿಯ ಲೋಟ ಹಿಡಿದಿದ್ದ ರೇಣುಕಪ್ರಸಾದ, ಕಾರು ಎಂಬ ಮಾತು ಕಿವಿಗೆ ಬಿದ್ದದ್ದೇ, ಅದನ್ನು ಅಲ್ಲೇ ಮುಚ್ಚಿಬಿಡುವ ಅವಸರದಲ್ಲಿ ಕೇಳಿದ್ದ: ಮತ್ತೆ ಕುಡಿಯೋಕೆ ಶುರು ಮಾಡಿದ್ನಾ? ಅಷ್ಟೇ. ಹೇಳಿದ್ದೂ ಅಲ್ಲ, ಕೇಳಿದ್ದು. ಚನ್ನಬಸವ, ಇರಬಹುದು ಸಾರ್, ಎಂದು ಹೋದ. ಮಧ್ಯಾಹ್ನದ ಹೊತ್ತಿಗೆ ಅದು ಪ್ರಶ್ನೆಯಾಗಿ ಉಳಿದಿರಲಿಲ್ಲ.

"ಯಾರು ಸಾರ್ ಮೊದಲು ಹಾಗೆ ಅಂದಿದ್ದು?" ಎಂದಳು ರೇವತಿ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ರೈಟರ್ ಇರಬೇಕೆಂದು ಅವಳ ಲೆಕ್ಕ. ಅವನು ಹೂಂ ಎಂದಿದ್ದರೆ ನಂಬುತ್ತಿದ್ದಳು.

"ನಾನೇ" ಎಂದ.

ರೇವತಿ ಎದ್ದು, ಕಪ್ಪು ರೋಲನ್ನು ಕೈಗೆ ತೆಗೆದುಕೊಂಡು, ಬೆಳಿಗ್ಗೆಯಿಂದ ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು. "ಪಟ್ಟೆ ಹಾಕ್ಲಾ ಸಾರ್? ಹೊಳೆಯದ್ದೇ ತಾನೆ?"

"ತಾಳು" ಎಂದ. ಫೋನು ತೆಗೆದು ಚನ್ನಬಸವನ ನಂಬರು ಒತ್ತಿ, ಅವಳಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ತಾನು ಈಗ ಮಾಡುತ್ತಿರುವುದು ದೊಡ್ಡದೆಂದು ಎದೆಯ ಒಂದು ಮೂಲೆಯಲ್ಲಿ ಸಣ್ಣ ಹಿಗ್ಗೂ ಇತ್ತು. ಅದು ತಿಳಿದು ಅದಕ್ಕೂ ನಾಚಿಕೆಪಟ್ಟ.

"ಚನ್ನಬಸವ, ಚಿಕ್ಕಯ್ಯ ಅವತ್ತು ಕುಡಿದಿರಲಿಲ್ಲ."

"ಯಾವತ್ತು ಸಾರ್?"

"ಬಿದ್ದ ದಿನ. ಅವನಿಗೆ ಗುದ್ದಿದ್ದು ನನ್ನ ಕಾರು. ಎಲ್ರಿಗೂ ಹೇಳು."

ಆ ಕಡೆಯಿಂದ ಮೂಟೆಗಳನ್ನು ತೂಗುವ ಗದ್ದಲ ಕೇಳಿತು, ಆಮೇಲೆ ಚನ್ನಬಸವ ದೂರ ಸರಿದು ಬಂದ ಹಾಗೆ ದನಿ ತಗ್ಗಿತು. "ಗೊತ್ತಾಯ್ತು ಸಾರ್. ಅವನ ಹೆಂಡ್ತಿ ಬಂದು ಅತ್ಲಾ ನಿಮ್ಮ ಹತ್ರ? ನೀವು ದೊಡ್ಡ ಮನಸ್ಸಿನವರು, ಅವನ ಮರ್ಯಾದೆ ಉಳೀಲಿ ಅಂತ ನಿಮ್ಮ ಮೇಲೆ ಹಾಕ್ಕೊಳ್ತಿದೀರಿ. ಬೇಡ ಸಾರ್. ನಾಳೆ ಇನ್ನೊಬ್ಬ ಕುಡಿದು ಬಿದ್ದು ನಿಮ್ಮ ಹೆಸರು ಹೇಳ್ತಾನೆ."

"ಇಲ್ಲ ಮಾರಾಯ, ನಿಜ ಹೇಳ್ತಿದೀನಿ. ನಾನೇ ಗುದ್ದಿದ್ದು. ನಿಲ್ಲಿಸದೆ ಬಂದುಬಿಟ್ಟೆ."

"ಆಯ್ತು ಸಾರ್, ಆಯ್ತು. ನೀವು ಹೇಳಿದ ಹಾಗೆ ಹೇಳ್ತೀನಿ. ಜನ ನಂಬಬೇಕಲ್ಲ."

ಮೂರನೆಯ ಸಲ ಹೇಳುವಾಗ ಅವನ ದನಿ ಏರಿ, ಚನ್ನಬಸವ ಬೈಗುಳಕ್ಕೆ ಹೆದರಿದವನಂತೆ ಹೂಂ ಹೂಂ ಎಂದು ಇಟ್ಟುಬಿಟ್ಟ. ರೇವತಿ ಫೋನನ್ನು ನೋಡುತ್ತಿದ್ದಳು. ಅವಳ ತುಟಿಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ನಂಬಲ್ಲ ಸಾರ್" ಎಂದಳು. ಸುಳ್ಳು ಹೇಳಿದಾಗ ಕೇಳಿದ ಮರುಗಳಿಗೆಯಲ್ಲಿ ನಂಬಿದ ಊರು. ಅವನು ಕಾರಿನ ಹತ್ತಿರ ಹೋಗಿ, ಅವಳು ಒರೆಸಿ ಸ್ವಚ್ಛ ಮಾಡಿದ್ದ ಗೆರೆಯ ಮುಂದೆ ಕೂತ. ಇದೊಂದೇ ತನ್ನ ಮಾತಿಗೆ ಸಾಕ್ಷಿ, ಇದನ್ನೇ ಮುಚ್ಚಿಸಲು ಬೆಳಿಗ್ಗೆಯಿಂದ ಬಣ್ಣ ಆರಿಸಿದೆನಲ್ಲ ಎನಿಸಿತು. "ಪಟ್ಟೆ ಬೇಡ" ಎಂದ. "ಆ ಹಸಿರು ಚೂರು ನನಗೆ ಕೊಡು." ರೇವತಿ ಅದನ್ನು ಚಿಮಟದಿಂದ ಎತ್ತಿ ತನ್ನ ಫೋನಿನ ಕವರಿನೊಳಗೆ ಇಟ್ಟುಕೊಂಡಳು. "ಇದು ನನ್ನ ಹತ್ರ ಇರ್ಲಿ ಸಾರ್." ಈಗಲೇ ನಿಮ್ಮ ಮನೆಗೆ ಹೋಗುತ್ತಿದ್ದೇನೆ, ಬರುವುದಾದರೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಹೇಳಿ ಮುಗಿಸುವ ಮುಂಚೆಯೇ, "ಅಂಗಡಿ ಬಿಟ್ಟು ಬರೋಕಾಗಲ್ಲ. ನಾನು ಬಸ್ಸಲ್ಲಿ ಬರ್ತೀನಿ" ಎಂದು ಕಪ್ಪುಗಳನ್ನು ಒಂದೊಂದಾಗಿ ಪುಸ್ತಕಕ್ಕೆ ಸೇರಿಸತೊಡಗಿದಳು.

ದಾರಿಯುದ್ದಕ್ಕೂ ಅಲ್ಲಲ್ಲಿ ಕಾರು ನಿಲ್ಲಿಸಿ ಕೂತು, ಅವನು ಹೇಳಬೇಕಾದ ಮಾತನ್ನು ಜೋಡಿಸಿದ, ಕೆಡವಿದ. ನಾಳೆ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಹೇಳಿದರೆ ಸಾಲದೇ ಎನಿಸಿತು. ನಾಳೆ ಎಂದರೆ ಏನಾಗುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೋರಿಯ ತಿರುವಿನಲ್ಲಿ ಕಾರು ನಡೆದಷ್ಟು ನಿಧಾನವಾಗಿ ಹೋಯಿತು. ಲೈನು ಮನೆಗಳಿಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಈ ಕಾರನ್ನು ಅವನು ಎಂದೂ ಇಳಿಸಿರಲಿಲ್ಲ. ಎರಡು ಸಲ ಹೊಟ್ಟೆ ಕಲ್ಲಿಗೆ ತಾಗಿ ಕಿರ್ರೆಂದಿತು. ಐದೂವರೆಯ ಬೆಳಕಿನ್ನೂ ಇತ್ತು. ಹಣ್ಣು ತೂಗಿಸಿ ಬಂದ ಹೆಂಗಸರು ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದರು. ಹಳದಿ ಕಾರು ಲೈನಿನ ಅಂಗಳಕ್ಕೆ ಬಂದದ್ದು ನೋಡಿ ಮಕ್ಕಳು ಓಡಿಬಂದರು, ಚನ್ನಬಸವ ಕಣದ ಕಡೆಯಿಂದ ಓಡುತ್ತಲೇ ಇಳಿದು ಬಂದ. ರೇಣುಕಪ್ರಸಾದ ನೆಲಕ್ಕೆ ಕೈಯೂರಿ ಮಂಡಿ ಹಿಡಿದುಕೊಂಡು ಹೊರಗೆ ಬಂದ. ಚಿಕ್ಕಯ್ಯನ ಮನೆಯ ಗೋಡೆಗೆ ಒರಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಮೊಪೆಡ್ ನಿಲ್ಲಿಸಿದ್ದರು. ಹಾಳೆ ಎಳೆದು ಹಾಕಿ ಅದನ್ನು ತಳ್ಳಿದ. ಸೊಟ್ಟಗಾದ ಮುಂದಿನ ಚಕ್ರ ತಿರುಗಲಿಲ್ಲ. ಎತ್ತಿ ಎತ್ತಿ ಎಳೆಯಬೇಕಾಯಿತು. ಸಾರ್, ಬಿಡಿ ಸಾರ್, ನಾನು, ಎಂದು ಚನ್ನಬಸವ ಕೈ ಹಾಕಲು ಬಂದಾಗ, ಬೇಡ ಎಂದು ಮೊಣಕೈಯಿಂದ ತಳ್ಳಿದ. ಕಾರಿನ ಬಲಗಡೆಗೆ ತಂದು, ಗಾರ್ಡಿನ ಬಾಗಿದ ಕಬ್ಬಿಣವನ್ನು ಬಾಗಿಲಿನ ಗೆರೆಗೆ ಹಿಡಿದ. ಗಾರ್ಡಿನ ಮೇಲೆ ಗಿಳಿಹಸಿರು ಒಂದು ಕಡೆ ಹರಿದು ಜೋಲುತ್ತಿತ್ತು. ಎತ್ತರ ಸರಿಯಾಗಿ ಕೂತಿತು.

"ಚಿಕ್ಕಯ್ಯ ಕುಡಿದಿರಲಿಲ್ಲ" ಎಂದ. ಜೋಡಿಸಿದ್ದ ಮಾತು ಯಾವುದೂ ಬರಲಿಲ್ಲ. "ನಾನು ರಾಂಗ್ ಸೈಡಲ್ಲಿ ಬಂದೆ. ಗುದ್ದಿ, ನೋಡಿ, ನಿಲ್ಲದೆ ಹೋದೆ. ಕುಡಿದಿದ್ನಾ ಅಂತ ಕೇಳಿದ್ದೂ ನಾನೇ. ಚನ್ನಬಸವ, ಬಾ ಇಲ್ಲಿ. ಬೆರಳಿಟ್ಟು ನೋಡು."

"ಸಾರ್, ಇದೆಲ್ಲ ಒಳಗೆ ಕೂತು..."

"ಇಡು ಅಂದೆ."

ಚನ್ನಬಸವ ಗೆರೆಯ ಮೇಲೆ ಬೆರಳಿಟ್ಟ. ಆಗ ಬಾಗಿಲಲ್ಲಿ ಊರುಗೋಲು ಹಿಡಿದ ಚಿಕ್ಕಯ್ಯ ಕಾಣಿಸಿಕೊಂಡ. ಏಳು ವಾರದಲ್ಲಿ ಅವನ ಮುಖ ಬಿಳಿಚಿಕೊಂಡಿತ್ತು. ಕಾರನ್ನೂ ಜನರನ್ನೂ ನೋಡಿ ಅವನ ಮುಖದಲ್ಲಿ ಸಮಾಧಾನ ಬರಲಿಲ್ಲ, ಕಿರಿಕಿರಿ ಬಂತು. ತನ್ನನ್ನು ಕೇಳದೆ ತನ್ನ ಮನೆ ಮುಂದೆ ಏನೋ ನಡೆಸಿದ ಹಾಗೆ. "ಇಷ್ಟೆಲ್ಲ ಯಾಕೆ ಅಯ್ಯ" ಎಂದ. "ಅವತ್ತು ಹಿಂದಕ್ಕೆ ಬಂದಿದ್ರೆ ಸಾಕಿತ್ತು."

"ಯಾರದು ಅಂತ ನಿನಗೆ ಗೊತ್ತಿತ್ತಲ್ಲ. ಯಾಕೆ ಹೇಳ್ಲಿಲ್ಲ?"

"ನೀವೇ ಹೇಳ್ತೀರ ಅಂತ" ಎಂದ ಚಿಕ್ಕಯ್ಯ. ಸ್ವಲ್ಪ ತಡೆದು, "ಆಮೇಲೆ, ಹೇಳಿದ್ರೂ ಯಾರು ನಂಬ್ತಾರೆ ಅಂತ" ಎಂದ.

ಚಿಕ್ಕಯ್ಯನ ಹೆಂಡತಿ ಹುಚ್ಚಮ್ಮ ನಲ್ಲಿಯ ಹತ್ತಿರ ಕೊಡ ಬಿಟ್ಟು ಬಂದಿದ್ದಳು. ಜನ ದಾರಿ ಬಿಟ್ಟರು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಗೆರೆಯ ಮುಂದಿನ ತುದಿಯಿಂದ ಹಿಂದಿನ ತುದಿಯ ತನಕ, ಕಾರಿನ ಜೊತೆ ನಡೆಯುತ್ತ, ಹೆಬ್ಬೆರಳು ಎಳೆದಳು. ಮೊಪೆಡ್ಡಿನ ಗಾರ್ಡನ್ನು ನೋಡಿದಳು. ರೇಣುಕಪ್ರಸಾದ ಅವಳ ಬೈಗುಳಕ್ಕೆ ತಯಾರಾಗಿ ನಿಂತಿದ್ದ, ಬೈದರೆ ಎಷ್ಟೋ ಹಗುರ ಎಂದುಕೊಂಡು. ಅವಳು ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಪಕ್ಕದಿಂದ ಹಾದು ಹೋಗಿ ಗಂಡನ ಎದುರು ನಿಂತಳು.

"ಚಳಿ ಬಿತ್ತು" ಎಂದಳು. "ಒಳಗೆ ಬಾ. ನೀರು ಕಾದದೆ."

ಚಿಕ್ಕಯ್ಯ ಅದು ತನಗೇ ಹೇಳಿದ್ದೋ ಎಂದು ಅವಳ ಮುಖ ನೋಡಿದ. ಆಮೇಲೆ ಊರುಗೋಲನ್ನು ಗೋಡೆಗೆ ಒರಗಿಸಿ, ಅವಳ ಭುಜಕ್ಕೆ ಕೈ ಹಾಕಿ ಒಳಗೆ ಹೋದ. ಬಾಗಿಲು ತೆರೆದೇ ಇತ್ತು, ಒಳಗಿನಿಂದ ಪಾತ್ರೆಯ ಸದ್ದು, ಅವಳು ಏನೋ ಕೇಳಿದ್ದು, ಅವನು ಏನೋ ಅಂದದ್ದು ಕೇಳಿಸುತ್ತಿತ್ತು. ರೇಣುಕಪ್ರಸಾದನನ್ನು ಯಾರೂ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ನಲ್ಲಿಯ ಕಡೆ ಹೊರಟರು. ಚನ್ನಬಸವ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೊಪೆಡ್ ಎಲ್ಲಿಡ್ಲಿ ಸಾರ್?" ಎಂದು ಕೇಳಿದ. ನಾನೇ ಇಡ್ತೀನಿ ಎಂದು ಅವನು ಅದನ್ನು ಎತ್ತಿ ಎಳೆದು ಗೋಡೆಯ ಹತ್ತಿರ ತಂದ. ಮೊದಲು ಹೇಗೆ ಒರಗಿಸಿದ್ದರೋ ತಿಳಿಯಲಿಲ್ಲ. ಬಿಟ್ಟರೆ ಒಂದು ಕಡೆಗೆ ಜಾರುತ್ತಿತ್ತು, ಸ್ಟ್ಯಾಂಡು ಮುರಿದುಹೋಗಿತ್ತು. ಎರಡು ಸಲ ನಿಲ್ಲಿಸಿ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತ.